ನಿಮಗಿದು ಗೊತ್ತೆ? ಮೂಳೆ ತೆಗೆದರೂ ಹೆಬ್ಬೆರಳು ದುಡಿಯುತ್ತದೆ

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹೆಬ್ಬೆರಳಿನ ಬುಡಕ್ಕೆ ಆಸರೆಯಾದ ಟ್ರಪೀಜಿಯಂ ಅವುಗಳಲ್ಲೊಂದು. ಸಂಧಿವಾತದಿಂದ ಇಲ್ಲಿನ ಮೃದ್ವಸ್ಥಿ ಸವೆದರೆ ಬೀಗದ ಕೈ ತಿರುಗಿಸುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಬಟ್ಟೆ ಹಿಂಡುವುದು ಎಲ್ಲವೂ ಯಾತನೆ. ಪಟ್ಟಿ, ಮಾತ್ರೆ, ಇಂಜೆಕ್ಷನ್ ಯಾವುದೂ ಸಾಲದಾದಾಗ ಶಸ್ತ್ರವೈದ್ಯರು ಆ ಮೂಳೆಯನ್ನೇ ಪೂರ್ತಿ ತೆಗೆದುಬಿಡುತ್ತಾರೆ! ಬ್ರಿಟನ್ನಿನ ವೈದ್ಯ ಗರ್ವಿಸ್ 1949ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ತೆರವಾದ ಜಾಗದಲ್ಲಿ ರೋಗಿಯದೇ ಮುಂಗೈ ಸ್ನಾಯುರಜ್ಜುವನ್ನು ಸುರುಳಿ ಸುತ್ತಿ ಇಡುವುದೂ ಉಂಟು. ಬರೀ ಮೂಳೆ ತೆಗೆದರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿರುತ್ತದೆ ಎಂಬುದೇ ಸೋಜಿಗ. ಹಿಡಿತದ ಬಲ ಮರಳಲು ಮಾತ್ರ ತಿಂಗಳುಗಟ್ಟಲೆ ಬೇಕು, ಅವಸರ ಬೇಡ. ಇಡೀ ಮಣಿಕಟ್ಟೇ ಸವೆದಿದ್ದರೆ ದಾರಿ ಬೇರೆ. ಅಲ್ಲಿ ಮೂಳೆಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಮಣಿಕಟ್ಟು ಬಾಗುವುದಿಲ್ಲ, ನೋವು ಇಳಿಯುತ್ತದೆ.