ಕವಲೊಡೆಯುವ ಕಥೆಗಳಲ್ಲಿ ಕರ್ತೃತ್ವವಿಚಾರ

ಕೊರಟಗೆರೆಯನ್ನೊಳಗೊಂಡ ತುಮಕೂರು ಜಿಲ್ಲೆಯು ಮೂಡಲಪಾಯವೆಂಬ ಬಯಲಾಟದ ನೆಲೆಗಳಲ್ಲೊಂದು. ಅಲ್ಲಿ ಭಾರತಪ್ರಸಂಗವನ್ನು ನೋಡಲು ಕುಳಿತವನು ಕರ್ಣನು ಬದುಕಲೆಂದು ಎಷ್ಟು ಹಾರೈಸಿದರೂ ಕರ್ಣನು ಬೀಳಲೇಬೇಕು. ಯುದ್ಧಕ್ಕೆ ಮೊದಲು ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೊಡ್ಡುವ ಎಡೆಯಲ್ಲಿ ಕಥೆಗೆ ಎರಡು ದಾರಿಗಳು ಕಾಣುತ್ತವೆಯಷ್ಟೆ. ಅವುಗಳಲ್ಲೊಂದು ಎಂದೆಂದಿಗೂ ನಡೆಯದ ದಾರಿಯಾಗಿಯೇ ಉಳಿಯುತ್ತದೆ. ಹಾಗೆ ಉಳಿದ ದಾರಿಯಲ್ಲಿಯೂ ನಡೆಯಗೊಡುವ ಕಥಾಪ್ರಕಾರವೊಂದು ಈಗ ಬಳಕೆಗೆ ಬಂದಿದೆ. ಯುದ್ಧತಂತ್ರಪ್ರಧಾನವಾದ, ಪಾತ್ರವಹಿಸಿ ಆಡುವ ವಿಡಿಯೋ ಆಟವೇ ಅದು.

ಈ ಆಟಗಳಲ್ಲಿ ರಣಭೂಮಿಯು ಚದುರಂಗದ ಹಾಸಿನಂತೆ ಮನೆಮನೆಯಾಗಿರುತ್ತದೆ. ಆಡುವವನು ಸರದಿಯ ಮೇಲೆ ತನ್ನ ಯೋಧರನ್ನು ನಡೆಸುತ್ತಾನೆ. ಎರಡು ಯುದ್ಧಗಳ ನಡುವೆ ಕಥೆಯು ಸಾಗುತ್ತದೆ. ಕೆಲವೆಡೆ ಅದು ನಿಂತು, ಮುಂದೇನೆಂದು ಆಡುವವನನ್ನೇ ಕೇಳುತ್ತದೆ. ಅವನ ಉತ್ತರಕ್ಕೆ ತಕ್ಕಂತೆ ಮಿತ್ರರೂ ಶತ್ರುಗಳೂ ಮುಕ್ತಾಯವೂ ಬೇರೆಯಾಗುತ್ತವೆ.

ಮುಕ್ತಾಯವು ಮಾರ್ಪಡುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಕ್ರಿ. ಶ. 941ರ ಸುಮಾರಿನಲ್ಲಿ ಪಂಪನು ತನ್ನ ಭಾರತದ ಕೊನೆಗೆ ಪಟ್ಟವನ್ನು ಅರ್ಜುನನಿಗೆ ಕಟ್ಟಿಸಿ ಸುಭದ್ರೆಯನ್ನು ಮಹಾದೇವಿಯನ್ನಾಗಿಸಿದನು. ನಾಗಚಂದ್ರನ ಜೈನರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣನು. ಆದರೆ ಅಲ್ಲಿ ಆಯ್ದವನು ಕವಿ. ಓದುಗನಿಗೆ ದೊರೆತುದು ಆಯ್ಕೆಯ ಫಲ ಮಾತ್ರ. ಆಟದಲ್ಲಿ ಆಯ್ಕೆಯೇ ಸಹೃದಯನ ಪಾಲಿಗೆ ಬರುತ್ತದೆ. ಅದರೊಡನೆ ಅದರ ಹೊಣೆಯೂ ಬರುವುದೆ ಎಂಬುದು ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಜಪಾನಿನ ಮತ್ಸುನೊ ಯಾಸುಮಿ ಎಂಬವರ ನಿರ್ದೇಶನದಲ್ಲಿ 1995ರಲ್ಲಿ ಹೊರಬಂದ ‘ಟ್ಯಾಕ್ಟಿಕ್ಸ್ ಓಗರ್’ ಇದಕ್ಕೆ ಉತ್ತಮ ನಿದರ್ಶನ. ಪೀಡಿತಜನಾಂಗದ ತರುಣ ಡೆನಾಮನಿಗೆ ಅವನ ಪಕ್ಷದವರೇ ಒಂದು ಆಜ್ಞೆಯನ್ನು ಕೊಡುತ್ತಾರೆ: ದಂಗೆಯೇಳಲೊಲ್ಲದ ಸ್ವಜನರ ಬಲ್ಮಾಮುಸ ಎಂಬ ಊರನ್ನು ಕೊಂದು, ಪಾಪವನ್ನು ಶತ್ರುಗಳ ಮೇಲೆ ಹೊರಿಸಬೇಕು, ಆ ರೋಷದಿಂದ ಜನರೆಲ್ಲ ಒಂದಾಗುವರು. ಒಪ್ಪಿದರೆ ಗೆಳೆಯ ವೈಸನು ಅವನನ್ನು ತೊರೆಯುತ್ತಾನೆ. ಒಪ್ಪದಿದ್ದರೆ ಅದೇ ವೈಸನು ಕೊಲೆಗಾರರ ಪಕ್ಷವನ್ನು ಸೇರುತ್ತಾನೆ. ಅಪವಾದವು ಡೆನಾಮನ ತಲೆಗೆ ಬರುತ್ತದೆ. ಎರಡು ಕವಲುಗಳಲ್ಲಿಯೂ ಊರು ಉಳಿಯುವುದಿಲ್ಲವೆಂಬುದು ಮುಖ್ಯವಾಗಿ ಗಮನಿಸತಕ್ಕ ಅಂಶ. ಆಯ್ಕೆಯಿಂದ ಮಾರ್ಪಡುವುದು ಘಟನೆಯಲ್ಲ, ಕರ್ತೃತ್ವ. ‘ಹೇಗಿದ್ದರೂ ಆಗುವುದನ್ನು ನಾನೇ ಮಾಡಿದರೇನು?’ ಎಂಬ ಹಳೆಯ ಸಮಾಧಾನವನ್ನು ಈ ಕಥೆಯು ಹೀಗೆ ಪರೀಕ್ಷೆಗೊಡ್ಡುತ್ತದೆ.

2022ರ ‘ಟ್ರಯಾಂಗಲ್ ಸ್ಟ್ರಾಟಜಿ’ಯ ಕ್ರಮ ಬೇರೆ. ಅಲ್ಲಿ ನಾಯಕನು ತಾನೊಬ್ಬನೇ ನಿರ್ಣಯಿಸಲಾರನು. ಅನುಚರರು ತಕ್ಕಡಿಯಲ್ಲಿ ಮತವನ್ನು ಹಾಕುತ್ತಾರೆ, ಅವರನ್ನು ಮೊದಲೇ ಮಾತಿನಿಂದ ಒಲಿಸಿಕೊಳ್ಳಬೇಕು. ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯನ್ನು ಬಲ್ಲವರಿಗೆ ಈ ವಾದವಿಧಾನವು ಪರಿಚಿತವೆನಿಸೀತು. ಭೇದವಿಷ್ಟೆ: ತಾಳಮದ್ದಳೆಯ ಅರ್ಥಧಾರಿಗೆ ಮಾತು ಸ್ವತಂತ್ರ, ಪ್ರಸಂಗದ ಪರಿಣಾಮ ನಿಯತ, ಆಟದಲ್ಲಿ ಪರಿಣಾಮವೂ ಮಾತಿನ ವಶ.

ಹಿಂದಿರುಗಿ ಬೇರೊಂದು ದಾರಿಯನ್ನು ಹಿಡಿಯಬಹುದಾದರೆ ಆಯ್ಕೆಗೆ ಬೆಲೆಯೇನು ಎಂದು ಆಕ್ಷೇಪಿಸಬಹುದು. ಮೊದಲು ಹೇಳಿದ ಆಟದ 2010ರ ಪರಿಷ್ಕೃತ ರೂಪದಲ್ಲಿ, ಕಥೆ ಮುಗಿದ ಬಳಿಕ ಕವಲಿನ ಎಡೆಗೆ ಮರಳುವ ಸೌಕರ್ಯವನ್ನೇ ಕಲ್ಪಿಸಿದ್ದಾರೆ. ಆದರೆ ಮರಳಿ ಬಂದವನು ಮೊದಲಿನವನಲ್ಲ. ಒಂದು ದಾರಿಯಲ್ಲಿ ವೈಸನನ್ನು ದ್ರೋಹಿಯೆಂದು ಹಳಿದವನು ಇನ್ನೊಂದರಲ್ಲಿ ಅವನನ್ನೇ ಧರ್ಮಿಷ್ಠನನ್ನಾಗಿ ಕಾಣುತ್ತಾನೆ; ಹಳಿದ ನೆನಪು ಅಳಿಯುವುದಿಲ್ಲ. ಆದುದರಿಂದ ಇಂತಹ ಕೃತಿಯ ಯೋಗ್ಯತೆಯನ್ನು ಮುಕ್ತಾಯಗಳ ಸಂಖ್ಯೆಯಿಂದ ಅಳೆಯಲಾಗದು. ಒಂದು ಕವಲು ಮತ್ತೊಂದರ ಮೇಲೆ ಎಷ್ಟು ಬೆಳಕನ್ನು ಚೆಲ್ಲುತ್ತದೆಂಬುದೇ ಅದರ ಒರೆಗಲ್ಲು. ಕರ್ಣನು ಒಲ್ಲೆನೆಂದ ದಾರಿಯು ನಮಗೆ ಕಾಣುತ್ತಿರುವುದರಿಂದಲೇ ಅಲ್ಲವೆ ಅವನು ಹಿಡಿದ ದಾರಿಗೆ ಅಷ್ಟು ಘನತೆ?