ತೋಟದ ಬೈಕಿಗೆ ರಾಯಚೂರಿನ ದಾರಿ
ಸಣ್ಣ ಮೋಟಾರು ಸೈಕಲ್ಲನ್ನು ದೂರ ಪ್ರಯಾಣಕ್ಕೆ ಸಜ್ಜುಗೊಳಿಸುವ ಬಗೆ

ಕಾಫಿ ಹಣ್ಣು ಬಿಡಿಸಲಿಕ್ಕೂ ಅಡಿಕೆ ಕೊನೆ ಇಳಿಸಲಿಕ್ಕೂ ಆಳು ಸಾಲದು ಎಂಬ ಮಾತು ನಮ್ಮ ಸದಸ್ಯರ ಸಭೆಗಳಲ್ಲಿ ಹಳೆಯದಾಯಿತು. ಮಲೆನಾಡಿನ ಅನೇಕ ತೋಟಗಳಿಗೆ ಉತ್ತರದ ಜಿಲ್ಲೆಗಳಿಂದ ಕೆಲಸಗಾರರು ಬರುತ್ತಾರೆ. ಅವರನ್ನು ದೂರವಾಣಿಯಲ್ಲಿ ಕರೆಯುವುದು ಬೇರೆ, ಅವರ ಊರಿಗೇ ಹೋಗಿ ಜಗಲಿಯ ಮೇಲೆ ಕೂತು ಮಾತಾಡಿ ಬರುವುದು ಬೇರೆ. ಈ ಕಾರಣಕ್ಕೆ ಅಕ್ಟೋಬರಿನಲ್ಲಿ, ಅರೇಬಿಕಾ ಹಣ್ಣಾಗುವ ಮೊದಲು, ನಾವು ಕೆಲವು ಬೆಳೆಗಾರರು ಮಾನ್ವಿ, ದೇವದುರ್ಗ, ರಾಯಚೂರು ಕಡೆಗೆ ಹೋಗಿ ಬರುವುದುಂಟು. ಜೀಪು ಕಟ್ಟಿಕೊಂಡು ಹೋದರೆ ಡೀಸೆಲಿನ ಖರ್ಚು ಸಣ್ಣ ಹಿಡುವಳಿದಾರನ ಕೈಗೆ ಹತ್ತುವುದಿಲ್ಲ. ಬಸ್ಸಿನಲ್ಲಿ ಹೋದರೆ ರಸ್ತೆಯಿಂದ ಒಳಗಿರುವ ಹಳ್ಳಿಗಳನ್ನು ಮುಟ್ಟುವುದು ಕಷ್ಟ. ಆದುದರಿಂದ ಮನೆಯಲ್ಲಿರುವ ಬೈಕೇ ಗತಿ.

ಚಿಕ್ಕಮಗಳೂರಿನಿಂದ ಕಡೂರು, ಹೊಸದುರ್ಗ, ಚಿತ್ರದುರ್ಗ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಸೇರುವಾಗ ಸುಮಾರು 450 ಕಿ.ಮೀ. ಆಗುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡಾಡಿದ ಬೈಕು ಇದಕ್ಕೆ ತಾಳುವುದೇ? ತಾಳುತ್ತದೆ. ಆದರೆ ಮಲೆನಾಡಿಗೆ ಹೊಂದಿಸಿದ ಬೈಕು ಬಯಲಿಗೆ ಹಾಗೆಯೇ ಹೊಂದುವುದಿಲ್ಲ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಮಾಡಬಾರದು ಎಂಬುದನ್ನು ತಿಳಿಯದೆ ಹೋದರೆ ಹಣವೂ ಹೋದೀತು, ಕೈಕಾಲೂ ಹೋದೀತು.

ನಮ್ಮ ಹಿರಿಯರಲ್ಲಿ ಹಲವರು ಯೆಜ್ಡಿ ಓಡಿಸಿದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಿಕ್ಕರನ್ನೇ ಮಡಚಿ ಗೇರು ಹಾಕುತ್ತಿದ್ದ ಆ ಗಾಡಿಯ ಹಿಂದೆ ಕಾಫಿ ಮೂಟೆ ಕಟ್ಟಿದವರು ಈಗಲೂ ನಮ್ಮಲ್ಲಿದ್ದಾರೆ. ಇಂದು ತೋಟದ ದಾರಿಗಳಲ್ಲಿ ಕಾಣುವುದು ಅಡ್ವೆಂಚರ್ ಬೈಕುಗಳು. ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬಂದದ್ದು 2019ರಲ್ಲಿ. ನಾಲ್ಕು ವಾಲ್ವಿನದು 2021ರಲ್ಲಿ. ಎಂಜಿನ್ನು 199.6 ಸಿ.ಸಿ., ಶಕ್ತಿ ಸುಮಾರು 19 ಅಶ್ವಶಕ್ತಿ, ಮುಂದೆ 21 ಅಂಗುಲದ ಚಕ್ರ, ಹಿಂದೆ 18. ಲೆಕ್ಕಕ್ಕೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಮಾತು ಮಾತ್ರ ಈ ಜಾತಿಯ ಎಲ್ಲ ಸಣ್ಣ ಬೈಕುಗಳಿಗೂ ಸಲ್ಲುತ್ತದೆ.

ಎಲ್ಲಕ್ಕಿಂತ ಮೊದಲು ಹೊರೆಯ ವಿಚಾರ. ಅಂಗಡಿಗೆ ಹೋದ ಯುವಕರ ಕಣ್ಣು ಮೊದಲು ಬೀಳುವುದು ದೊಡ್ಡ ಲೋಹದ ಪೆಟ್ಟಿಗೆಗಳ ಮೇಲೆ. ನೋಡಲು ಚೆನ್ನ. ಆದರೆ ಪೆಟ್ಟಿಗೆಯ ಸ್ವಂತ ತೂಕ, ಅದರ ಸ್ಟ್ಯಾಂಡಿನ ತೂಕ, ಒಳಗಿನ ಸಾಮಾನಿನ ತೂಕ ಎಲ್ಲವೂ ಹಿಂದಿನ ಆಕ್ಸೆಲ್ಲಿನಿಂದ ಆಚೆ ನಿಂತರೆ, ಅದು ಮೀಟುಗೋಲಿನ ತುದಿಗೆ ಕಲ್ಲು ಕಟ್ಟಿದಂತೆ. ಹಿಂದಿನ ಚಕ್ರವೇ ಆನಿಕೆ, ಮುಂದಿನ ಚಕ್ರ ಮೇಲೇಳುವ ತುದಿ. ಮುಂದಿನ ಚಕ್ರ ಹಗುರವಾದ ಬೈಕು ಚಾರ್ಮಾಡಿಯ ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ ಲಾರಿ ಎದುರಾದಾಗ ಗಾಳಿಗೆ ಹ್ಯಾಂಡಲ್ಲು ಅದುರುತ್ತದೆ. ಮೂಟೆ ಕಟ್ಟಿ ರೂಢಿಯಿರುವ ನಮಗೆ ಇದನ್ನು ಹೆಚ್ಚು ಹೇಳಬೇಕಾದ್ದಿಲ್ಲ. ಭಾರದ್ದು ಕೆಳಗೆ, ಸವಾರನ ಬೆನ್ನಿಗೆ ಹತ್ತಿರ, ಹಗುರದ್ದು ಮೇಲೆ. ಉಪಕರಣದ ಚೀಲವನ್ನು ಹಿಂದಿನ ಕ್ಯಾರಿಯರಿನ ತುದಿಗೆ ಕಟ್ಟದೆ ಎಂಜಿನ್ನಿನ ಮುಂದಿನ ಗಾರ್ಡಿಗೆ ಬಿಗಿದರೆ ಮುಂದಿನ ಚಕ್ರಕ್ಕೂ ಒಳ್ಳೆಯದು.

ನಮ್ಮ ಅನುಭವದಲ್ಲಿ ಎರಡು ಬಟ್ಟೆಯ ಜೋಳಿಗೆಚೀಲಗಳು ಲೋಹದ ಪೆಟ್ಟಿಗೆಗಿಂತ ಮೇಲು. ಬೈಕು ಮಗುಚಿದಾಗ ಗಟ್ಟಿ ಪೆಟ್ಟಿಗೆಯ ಅಡಿಗೆ ಕಾಲು ಸಿಕ್ಕಿದರೆ ಮೂಳೆ ಉಳಿಯುವುದು ಕಷ್ಟ. ಚೀಲಕ್ಕೆ ಪಕ್ಕದಲ್ಲಿ ಕಬ್ಬಿಣದ ಅಡ್ಡಪಟ್ಟಿ ಅವಶ್ಯ. ಇಲ್ಲದಿದ್ದರೆ ಚಕ್ರಕ್ಕೋ ಮೇಲೆತ್ತಿದ ಸೈಲೆನ್ಸರಿಗೋ ತಾಗಿ ಸುಡುತ್ತದೆ. ಇದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು, ಆದರೆ ಚಾಸಿಗೆ ವೆಲ್ಡ್ ಮಾಡಿಸಬೇಡಿ, ಬೋಲ್ಟಿನಲ್ಲಿ ಕೂರಿಸಿ. ಕಟ್ಟಲು ಹಳೆಯ ಟ್ಯೂಬಿನ ರಬ್ಬರು ಪಟ್ಟಿಯಷ್ಟು ನಂಬಿಗಸ್ತ ವಸ್ತು ನಮಗೆ ಇನ್ನೂ ಸಿಕ್ಕಿಲ್ಲ. ಹೊರೆ ಹೇರಿದ ಮೇಲೆ ಹಿಂದಿನ ಶಾಕಿನ ಸ್ಪ್ರಿಂಗನ್ನು ಬಿಗಿ ಮಾಡಿ, ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರು ಸವಾರರಿಗೆ ಹೇಳಿದ ಮಟ್ಟಕ್ಕೆ ಏರಿಸಿ. ಗಾಳಿಯನ್ನು ಬೆಳಗಿನ ತಂಪಿನಲ್ಲೇ ಅಳೆಯಬೇಕು. ಸಿಂಧನೂರಿನ ಮಧ್ಯಾಹ್ನದ ಕಾದ ಟೈರಿನಲ್ಲಿ ಅಳೆದು "ಹೆಚ್ಚಾಯಿತು" ಎಂದು ಇಳಿಸಿದರೆ ಸಂಜೆಗೆ ಟೈರು ಸೊರಗಿರುತ್ತದೆ.

ಎರಡನೆಯದು ಸ್ಪ್ರಾಕೆಟ್ಟಿನ ಆಸೆ. ನೇರ ರಸ್ತೆಯಲ್ಲಿ ಎಂಜಿನ್ನು ಕಿರುಚುತ್ತದೆ ಎಂದು ಮುಂದಿನ 13 ಹಲ್ಲಿನ ಸ್ಪ್ರಾಕೆಟ್ಟಿಗೆ ಬದಲು 14 ಹಲ್ಲಿನದನ್ನು ಹಾಕಿಸುವವರಿದ್ದಾರೆ. ಇದರಿಂದ ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ನೂರಕ್ಕೆ ಸುಮಾರು 7ರಷ್ಟು ಕಡಿಮೆಯಾಗುವುದು ನಿಜ. ಆದರೆ ಅಷ್ಟೇ ಪ್ರಮಾಣದಲ್ಲಿ ಚಕ್ರಕ್ಕೆ ಸಿಗುವ ಎಳೆತವೂ ಕಡಿಮೆ. ಬಯಲಿನಲ್ಲಿ ಗೆದ್ದವರು ಊರಿಗೆ ಬಂದು ತೋಟದ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲುತ್ತಾರೆ. ಕ್ಲಚ್ ಪ್ಲೇಟಿನ ಬೆಲೆ ಆಗ ತಿಳಿಯುತ್ತದೆ. ವರ್ಷಕ್ಕೆ ಹತ್ತು ದಿನದ ಬಯಲಿಗಾಗಿ ಉಳಿದ ದಿನಗಳ ಏರನ್ನು ಮರೆಯುವುದು ನಮಗೆ ಒಪ್ಪಿಗೆಯಿಲ್ಲ. ಎಪ್ಪತ್ತರ ಆಸುಪಾಸಿನ ವೇಗದಲ್ಲಿ ಹೋದರೆ ಎಂಜಿನ್ನೂ ಕಿರುಚುವುದಿಲ್ಲ, ಸವಾರನೂ ಬಳಲುವುದಿಲ್ಲ.

ದೊಡ್ಡ ಟ್ಯಾಂಕೂ ಬೇಡ. 13 ಲೀಟರು ಹಿಡಿಯುವ ಟ್ಯಾಂಕು ಲೀಟರಿಗೆ 35 ಕಿ.ಮೀ. ಎಂದು ಹಿಡಿದರೂ 450 ಕಿ.ಮೀ. ದಾಟಿಸುತ್ತದೆ. ದಾರಿಯ ಪೇಟೆಗಳಲ್ಲೆಲ್ಲ ಬಂಕುಗಳಿವೆ.

ಆ ಹಣವನ್ನು ಸೀಟಿಗೆ ಹಾಕಿ. ಮೂಲ ಸೀಟು ಕಿರಿದು, ನೂರು ಕಿ.ಮೀ. ಆದಮೇಲೆ ಸವಾರನ ಗಮನ ರಸ್ತೆಯ ಮೇಲಲ್ಲ, ಸೀಟಿನ ಮೇಲೆ. ಕುಶನ್ ಹೊಲಿಯುವವರ ಹತ್ತಿರ ಕೂರುವ ಜಾಗವನ್ನು ಅಗಲ ಮಾಡಿಸಿ, ಗಟ್ಟಿ ಫೋಮಿನ ಮೇಲೆ ಮೆದು ಫೋಮು ಹಾಕಿಸಿ. ಬರೀ ಮೆದುವಾದರೆ ಎರಡು ಗಂಟೆಯಲ್ಲಿ ತಳ ತಾಗುತ್ತದೆ. ಹ್ಯಾಂಡಲ್ಲು ನಿಮ್ಮ ಎತ್ತರಕ್ಕೆ ತಗ್ಗೆನಿಸಿದರೆ ಒಂದಂಗುಲ ಎತ್ತರಿಸಬಹುದು, ಕೇಬಲ್ಲುಗಳು ಬಿಗಿಯಾಗದಂತೆ ನೋಡಿಕೊಳ್ಳಿ.

ದೀಪದ ವಿಷಯದಲ್ಲಿ ಲೆಕ್ಕ ಮಾಡಿ ಮುಂದುವರಿಯಬೇಕು. 55 ವ್ಯಾಟಿನ ಎರಡು ಹಳೆಯ ಹ್ಯಾಲೋಜನ್ ಬಲ್ಬುಗಳು 110 ವ್ಯಾಟು. 12 ವೋಲ್ಟಿಗೆ ಭಾಗಿಸಿದರೆ 9 ಆಂಪಿಯರಿಗೂ ಮೇಲೆ. ಸಣ್ಣ ಬೈಕಿನ ಬ್ಯಾಟರಿಯನ್ನು ಅದು ಹಿಂಡಿಬಿಡುತ್ತದೆ. 20 ವ್ಯಾಟಿನ ಎರಡು ಎಲ್‌ಇಡಿ ದೀಪಗಳಾದರೆ ಮೂರೂವರೆ ಆಂಪಿಯರಿಗಿಂತ ಕಡಿಮೆಯಲ್ಲಿ ಆಯಿತು. ರಿಲೇ, ಫ್ಯೂಸು ಎರಡೂ ಇರಲಿ. ಹೆಡ್‌ಲೈಟಿನ ವಯರಿಗೆ ಸುಮ್ಮನೆ ಗಂಟು ಹಾಕಿದ ಕೆಲಸ ಮಳೆಗಾಲದಲ್ಲಿ ಬಣ್ಣ ತೋರಿಸುತ್ತದೆ. ಅಷ್ಟಾದರೂ ಮಾನ್ವಿ ಸುತ್ತಿನಲ್ಲಿ ಕತ್ತಲಾದ ಮೇಲೆ ಓಡಿಸಬಾರದೆಂಬುದು ನಮ್ಮ ನಿಯಮ. ನಮ್ಮ ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಭದ್ರೆಯರ ನೀರು ಎಡದಂಡೆ ಕಾಲುವೆಯಲ್ಲಿ ಅಲ್ಲಿಗೆ ಹೋಗಿ ಭತ್ತವಾಗಿದೆ, ಸಂತೋಷದ ಮಾತು. ಆದರೆ ಸುಗ್ಗಿಯಲ್ಲಿ ಆ ಭತ್ತ ರಸ್ತೆಯ ಅರ್ಧಕ್ಕೆ ಒಣಗುತ್ತಿರುತ್ತದೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಹತ್ತಿ ಹೇರಿದ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದೀಪ ಇದ್ದರೆ ನಮ್ಮ ಪುಣ್ಯ.

ಎರೆ ಮಣ್ಣಿನ ಬಗ್ಗೆ ಪ್ರತ್ಯೇಕ ಹೇಳಬೇಕು. ನಮ್ಮ ಕೆಂಪು ಕೆಸರು ಜಾರುತ್ತದೆ, ಎರೆ ಮಣ್ಣು ಅಂಟುತ್ತದೆ. ದೇವದುರ್ಗದಿಂದ ಒಳಗಿನ ಹಳ್ಳಿಯೊಂದಕ್ಕೆ ತಿರುಗುವಲ್ಲಿ ಹಿಂದಿನ ರಾತ್ರಿ ಮಳೆಯಾಗಿತ್ತು. ಹತ್ತಿ ಹೊಲದ ಯಜಮಾನರೊಬ್ಬರು, "ಎರಿ ದಾರಿಗೆ ಇಳೀಬ್ಯಾಡ್ರಿ ಅಣ್ಣಾರ, ಗಾಲಿ ತಿರಗಂಗಿಲ್ಲ" ಎಂದರು. ಹಲ್ಲಿನ ಟೈರು ಇದೆಯಲ್ಲ ಎಂದು ನಮ್ಮಲ್ಲೊಬ್ಬರು ಇಳಿದೇಬಿಟ್ಟರು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಗಾರೆಯಂತೆ ತುಂಬಿ ಮುಂದಿನ ಚಕ್ರ ನಿಂತಿತು. ಕಡ್ಡಿಯಿಂದ ಕೆರೆದು ಹೊರಗೆ ಎಳೆಯಲು ಒಂದು ಗಂಟೆ ಹಿಡಿಯಿತು. ಅಲ್ಲಿ ಯಾವ ಟೈರೂ ಉಪಾಯವಲ್ಲ. ಬಿಸಿಲು ಬಿದ್ದು ಮೇಲ್ಪದರ ಒಣಗುವವರೆಗೆ ಚಹಾದಂಗಡಿಯೇ ಉಪಾಯ. ಹಾಗೆಯೇ ದೇವದುರ್ಗದಿಂದ ಶಹಾಪುರದ ಕಡೆ ಕೃಷ್ಣೆ ದಾಟುವವರು ಹೂವಿನಹೆಡಗಿ ಸೇತುವೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡಬೇಕು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಅದು ಮುಳುಗಿದ್ದುಂಟು.

ಟ್ಯೂಬಿನ ಚಕ್ರವಾದ್ದರಿಂದ ಪಂಚರಿನ ಸಿದ್ಧತೆ ನಮ್ಮದೇ ಆಗಿರಬೇಕು. 21 ಅಂಗುಲದ ಟ್ಯೂಬು ಹಳ್ಳಿಯ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಅದೊಂದನ್ನು ಒಯ್ದರೆ ತುರ್ತಿಗೆ ಹಿಂದಿನ ಚಕ್ರದೊಳಗೂ ಸೇರಿಸಿ ಹತ್ತಿರದ ಪೇಟೆಯವರೆಗೆ ನಿಧಾನವಾಗಿ ಹೋಗಬಹುದು. ಎರಡು ಟೈರ್ ಲಿವರು, ಕೈಪಂಪು, ಆಕ್ಸೆಲ್ ನಟ್ಟಿಗೆ ಹೊಂದುವ ಸ್ಪ್ಯಾನರು, ಚೈನಿನ ಒಂದು ಜೋಡುಕೊಂಡಿ ಸಾಕು. ಹೊರಡುವ ಮೊದಲು ಮನೆಯಂಗಳದಲ್ಲೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಎಂಜಿನ್ನು ಕೊರೆಸುವುದು, ಗದ್ದಲದ ಸೈಲೆನ್ಸರು ಹಾಕಿಸುವುದು ಇತ್ಯಾದಿಗಳಿಂದ ದೂರವಿರಿ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಪ್ರಶ್ನೆ ಅದೇ ಆದೀತು.

ಹೊರೆ ಸಾಗಿಸುವ ಕೆಲಸದಲ್ಲಿ ಆಸಕ್ತಿಯುಳ್ಳವರು ರಾಯಚೂರಿನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡು ಕೋಟೆ ನೋಡಿ ಬರಲಿ. 1294ರ ಶಾಸನವಿರುವ 41 ಅಡಿಗೂ ಉದ್ದದ ಒಂದೇ ಕಲ್ಲು ಗೋಡೆಯಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅಲ್ಲೇ ಕೆತ್ತಿದ್ದಾರೆ. ಗಬ್ಬೂರಿನ ಹಳೆಯ ಗುಡಿಗಳೂ ಮಾನ್ವಿಯ ಜಗನ್ನಾಥದಾಸರ ಸನ್ನಿಧಿಯೂ ನಮ್ಮ ದಾರಿಯಲ್ಲೇ ಸಿಗುತ್ತವೆ.

ಊರಿಗೆ ಮರಳಿದ ವಾರದೊಳಗೆ ಏರ್ ಫಿಲ್ಟರು ಬಿಚ್ಚಿ ನೋಡಿ, ಚೈನು ತೊಳೆದು 90 ನಂಬರಿನ ಎಣ್ಣೆ ಹಾಕಿ, ಪಕ್ಕದ ಅಡ್ಡಪಟ್ಟಿಗಳನ್ನು ಬಿಚ್ಚಿಡಿ. ಒಣಗಿದ ಎರೆ ಮಣ್ಣು ಬಿಡಲಿಲ್ಲವೆಂದು ಬೋರ್ಡೋ ಹೊಡೆಯುವ ಪಂಪನ್ನು ಚಕ್ರದ ಬೇರಿಂಗಿಗೆ ನೇರ ಹಿಡಿಯಬೇಡಿ. ನೀರು ಒಳಗೆ ಹೋಗಿ ಗ್ರೀಸು ಹೊರಗೆ ಬರುತ್ತದೆ. ಪೈಪಿನಲ್ಲಿ ಉಳಿದ ಮೈಲುತುತ್ತದ ದ್ರಾವಣ ಕಬ್ಬಿಣಕ್ಕೂ ಅಲ್ಯೂಮಿನಿಯಮ್ಮಿಗೂ ಒಳ್ಳೆಯದಲ್ಲ. ಒಂದು ಬಕೆಟ್ ನೀರು, ತೆಂಗಿನ ನಾರು, ಅರ್ಧ ದಿನದ ತಾಳ್ಮೆ ಸಾಕಾಗುತ್ತದೆ.