ಹೆಸರು ಬಾಸ್ಟನ್, ಊರು ಫಾಕ್ಸ್‌ಬರೋ

2026ರ ಜೂನ್ 11ರಿಂದ ಜುಲೈ 19ರವರೆಗಿನ ವಿಶ್ವಕಪ್ ಫುಟ್‌ಬಾಲ್ ಟೂರ್ನಿಯ 104 ಪಂದ್ಯಗಳಿಗೆ ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊಗಳ 16 ನಗರಗಳು ಆತಿಥೇಯ ಎನ್ನುವಾಗ ‘ನಗರ’ ಎಂಬ ಮಾತನ್ನು ತುಸು ಅನುಮಾನದಿಂದಲೇ ಓದಬೇಕಾಗುತ್ತದೆ. ‘ಬಾಸ್ಟನ್ ಸ್ಟೇಡಿಯಂ’ ಎಂದು ಟಿಕೆಟ್ಟಿನಲ್ಲಿದ್ದರೆ ಕ್ರೀಡಾಂಗಣವೂ ಬಾಸ್ಟನ್ನಿನಲ್ಲೇ ಇರುತ್ತದೆಂಬುದು ಪ್ರೇಕ್ಷಕರಿಗೆ ಎಲ್ಲಕ್ಕಿಂತ ದುಬಾರಿಯಾಗಬಲ್ಲ ತಪ್ಪು ಕಲ್ಪನೆ. ಟೂರ್ನಿಯ ಪ್ರಾಯೋಜಕರಲ್ಲದ ಕಂಪನಿಗಳ ಹೆಸರು ಕ್ರೀಡಾಂಗಣದಲ್ಲಿ ಕಾಣಿಸಬಾರದೆಂಬ ಫಿಫಾದ ಕಟ್ಟುಪಾಡಿನಿಂದಾಗಿ ಜಿಲೆಟ್ ಸ್ಟೇಡಿಯಂ ‘ಬಾಸ್ಟನ್’ ಎಂದೂ ಎಟಿ ಅಂಡ್ ಟಿ ಸ್ಟೇಡಿಯಂ ‘ಡಲ್ಲಾಸ್’ ಎಂದೂ ಹೆಸರು ಬದಲಿಸಿಕೊಳ್ಳುವುದರಿಂದ ಈ ಗೊಂದಲ ಇನ್ನಷ್ಟು ಬಲಿಯುತ್ತದೆ.

ಜಿಲೆಟ್ ಇರುವುದು ಫಾಕ್ಸ್‌ಬರೋ ಎಂಬ ಸಣ್ಣ ಊರಿನಲ್ಲಿ. ಅದು ಬಾಸ್ಟನ್ನಿನಿಂದ ಎಷ್ಟು ದೂರವೋ ನೆರೆರಾಜ್ಯದ ಪ್ರಾವಿಡೆನ್ಸ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರವಾದ್ದರಿಂದ ಬಾಸ್ಟನ್ನಿನಲ್ಲೇ ಕೋಣೆ ಹಿಡಿಯಬೇಕೆಂಬ ಹಟಕ್ಕೆ ಅರ್ಥವಿಲ್ಲ. ‘ಡಲ್ಲಾಸ್’ ಎನ್ನುವುದು ಡಲ್ಲಾಸ್ ಮತ್ತು ಫೋರ್ಟ್ ವರ್ತ್‌ಗಳ ನಡುವಿನ ಆರ್ಲಿಂಗ್ಟನ್, ನಿಗದಿತ ಮಾರ್ಗದಲ್ಲಿ ಓಡುವ ಊರಬಸ್ಸಿನ ಜಾಲವೇ ಇಲ್ಲದ ನಗರ. ಫೈನಲ್ಲಿನ ಕ್ರೀಡಾಂಗಣವಂತೂ ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯಾಚೆ ನ್ಯೂಜೆರ್ಸಿಯಲ್ಲಿದೆ.

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಪಂದ್ಯಗಳು ನಡೆಯುವ ಸಾಂತಾ ಕ್ಲಾರಾ ಆ ನಗರದಿಂದ ಅರವತ್ತು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕಿದೆ ಎಂಬುದು ಆ ಭಾಗದಲ್ಲೇ ನೆಲೆಸಿರುವ ಅನೇಕ ಕನ್ನಡಿಗರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹೊಸಬರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದುಕೊಂಡರೆ ಕ್ಯಾಲ್‌ಟ್ರೇನ್ ಹಿಡಿದು ಮೌಂಟನ್ ವ್ಯೂವಿಗೆ ಬಂದು, ಅಲ್ಲಿ ಲೈಟ್ ರೈಲಿಗೆ, ಅಂದರೆ ಬಹುಪಾಲು ರಸ್ತೆಯ ಮಟ್ಟದಲ್ಲೇ ಓಡುವ, ಮೆಟ್ರೊಗಿಂತ ಚಿಕ್ಕದಾದ ರೈಲಿಗೆ ಬದಲಾಯಿಸಿಕೊಂಡು, ಗ್ರೇಟ್ ಅಮೆರಿಕಾ ನಿಲ್ದಾಣದಲ್ಲಿ ಇಳಿಯಬೇಕು. ಸ್ಯಾನ್ ಹೋಸೆಯಲ್ಲಿ ಉಳಿದವರಿಗೆ ಅದೇ ನಿಲ್ದಾಣಕ್ಕೆ ಬರಲು ಲೈಟ್ ರೈಲೊಂದೇ ಸಾಕು.

ಟಿಕೆಟ್ ಇದ್ದರೆ ವೀಸಾ ಸಿಕ್ಕಂತೆಯೇ ಎಂಬ ನಂಬಿಕೆಗೆ ಹಿಂದಿನ ಎರಡು ಟೂರ್ನಿಗಳು ಆಸ್ಪದ ಕೊಟ್ಟಿವೆ. 2018ರಲ್ಲಿ ರಷ್ಯಾದ ಫ್ಯಾನ್ ಐಡಿ ಮತ್ತು 2022ರಲ್ಲಿ ಕತಾರಿನ ಹಯ್ಯಾ ಕಾರ್ಡ್ ಪ್ರೇಕ್ಷಕರ ಗುರುತುಚೀಟಿಗಳಾಗಿದ್ದುದಲ್ಲದೆ ದೇಶಪ್ರವೇಶದ ಪರವಾನಗಿಯಾಗಿಯೂ ನಡೆದವು. 2026ಕ್ಕೆ ಅಂಥ ಏರ್ಪಾಡಿಲ್ಲ. ಟಿಕೆಟ್ ಕೊಂಡವರಿಗೆ ಅಮೆರಿಕ ಕಲ್ಪಿಸಿದ ‘ಫಿಫಾ ಪಾಸ್’ ಸಂದರ್ಶನದ ದಿನವನ್ನು ಬೇಗ ದೊರಕಿಸುವ ವ್ಯವಸ್ಥೆಯಷ್ಟೇ ಹೊರತು ವೀಸಾ ಕೊಡುವ ಭರವಸೆಯಲ್ಲ. ಮೂರು ದೇಶಗಳಿಗೆ ಒಂದೇ ವೀಸಾ ಎಂಬುದೂ ಸುಳ್ಳು: ಭಾರತೀಯ ಪಾಸ್‌ಪೋರ್ಟಿನವರು ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ತೋರಿಸಿ ಮೆಕ್ಸಿಕೊ ಪ್ರವೇಶಿಸಬಹುದಾದರೂ ಕೆನಡಾಕ್ಕೆ ಬೇರೆಯೇ ವೀಸಾ ಬೇಕು, ಗಡಿ ದಾಟಿ ಅಮೆರಿಕಕ್ಕೆ ಮರಳುವ ಯೋಜನೆಯಿದ್ದರೆ ಅಮೆರಿಕದ ವೀಸಾ ಹಲವು ಬಾರಿ ಪ್ರವೇಶಕ್ಕೆ ಅವಕಾಶ ಕೊಡುವಂಥದೇ ಎಂದು ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಮೆಕ್ಸಿಕೊ ಎಂದೊಡನೆ ಮರಳುಗಾಡಿನ ಬಿಸಿಲನ್ನು ಕಲ್ಪಿಸಿಕೊಳ್ಳುವುದು ಸಿನಿಮಾಗಳ ಪ್ರಭಾವವಿರಬಹುದು. ಮೊದಲ ಪಂದ್ಯದ ಅಸ್ತೆಕಾ ಕ್ರೀಡಾಂಗಣವಿರುವ ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತಲೂ ಮುನ್ನೂರು ಮೀಟರ್ ಮೇಲಿದ್ದು, ಗಾಳಿ ತೆಳುವಾಗಿರುವುದರಿಂದ ಮೊದಲ ದಿನ ಗ್ಯಾಲರಿಯ ಮೆಟ್ಟಿಲು ಹತ್ತುವಾಗಲೇ ಏದುಸಿರು ಬರುವುದುಂಟು. ಜೂನ್ ಅಲ್ಲಿಯೂ ಮಳೆಗಾಲವೇ. ಮಧ್ಯಾಹ್ನ ಕಳೆದ ಮೇಲೆ ಸುರಿಯುವ ಮಳೆಗೆ ರೈನ್‌ಕೋಟ್, ರಾತ್ರಿಯ ಚಳಿಗೆ ಸ್ವೆಟರ್ ಕೈಚೀಲದಲ್ಲಿರಬೇಕು.